ಮೋಡದ ಮೇಲೆ ದೂರು

ಮೋಡದ ಮೇಲೆ ದೂರು ಕೊಡಲು ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದವರು ಇಡೀ ಕರಾವಳಿಯಲ್ಲಿ ಯಾರಾದರೂ ಇದ್ದರೆ ಅದು ನನ್ನ ಸೋದರತ್ತೆ ಒಬ್ಬರೇ! ನಗಬೇಡಿ. ಅವರ ಪಕ್ಕದಲ್ಲಿ ಠಾಣೆಯ ಬೆಂಚಿನ ಮೇಲೆ ತಲೆ ತಗ್ಗಿಸಿ ಕುಳಿತಿದ್ದವಳು ನಾನು. ಕೇಳುವ ನಿಮಗೆ ನಗು ಬರಬಹುದು. ನಾನು ಮಾತ್ರ ಇವತ್ತಿಗೂ ಆ ರಸ್ತೆಯಲ್ಲಿ ಹೋಗುವಾಗ ಬಿಸಿಲಿಲ್ಲದಿದ್ದರೂ ಕೊಡೆ ಅಡ್ಡ ಹಿಡಿಯುತ್ತೇನೆ.

ಕುಂದಾಪುರದಲ್ಲಿ ನಮ್ಮದೊಂದು ರಕ್ತಪರೀಕ್ಷೆಯ ಲ್ಯಾಬ್ ಇದೆ. ಅಪ್ಪ ಶುರು ಮಾಡಿದ್ದು, ಈಗ ನಾನು ನಡೆಸುತ್ತಿರುವುದು. ಬೈಂದೂರಿನಲ್ಲೊಂದು, ಬ್ರಹ್ಮಾವರದಲ್ಲೊಂದು ಶಾಖೆ. ಅತ್ತೆ ಎಂದರೆ ಅಪ್ಪನ ಅಕ್ಕ. ಮುಂಬೈಯ ದೊಡ್ಡ ಕಂಪನಿಯೊಂದರ ಕಂಪ್ಯೂಟರ್ ಕೋಣೆಯಲ್ಲಿ ಮೂವತ್ತೈದು ವರ್ಷ ದುಡಿದವರು. ಕಂಪ್ಯೂಟರ್ ಎಂದರೆ ಕಬ್ಬಿಣದ ಕಪಾಟಿನಷ್ಟು ದೊಡ್ಡದಾಗಿ, ಅದರ ಹೊಟ್ಟೆಯಲ್ಲಿ ಟೇಪಿನ ಚಕ್ರಗಳು ಗಿರಗಿರ ತಿರುಗುತ್ತಿದ್ದ ಕಾಲದಲ್ಲಿ ಕೆಲಸಕ್ಕೆ ಸೇರಿದವರು. ಮದುವೆ ಯಾಕಾಗಲಿಲ್ಲ ಎಂದು ಯಾರಾದರೂ ಕೇಳಿದರೆ, "ಮಿಶಿನ್ ಬಿಟ್ಟ್ ಬಪ್ಪುಕೆ ಪುರ್ಸೊತ್ತೇ ಆಯ್ಲಿಲ್ಲೆ" ಎನ್ನುತ್ತಾರೆ. ನಿವೃತ್ತಿಯಾದ ಮೇಲೆ ಕೋಟದಲ್ಲಿ ಹೆದ್ದಾರಿಯ ಬದಿಗೊಂದು ಪುಟ್ಟ ಮನೆ ಮಾಡಿಕೊಂಡು, ದಿನಾ ಬೆಳಿಗ್ಗೆ ಬಸ್ಸು ಹತ್ತಿ ನನಗೆ 'ಸಹಾಯ' ಮಾಡಲು ಬರತೊಡಗಿದರು. ಆ ಸಹಾಯ ಇಲ್ಲದಿದ್ದರೆ ನನ್ನ ತಲೆಯಲ್ಲಿ ಇನ್ನೂ ನಾಲ್ಕು ಕಪ್ಪು ಕೂದಲು ಉಳಿದಿರುತ್ತಿದ್ದವು!

ಬಂದವರೇ ಮೊದಲು ಮಾಡಿದ ಕೆಲಸ, ಲ್ಯಾಬಿನ ಹಿಂದಿನ ಕೋಣೆಯಲ್ಲಿ ಒಂದು ಸರ್ವರ್ ಕೂರಿಸಿದ್ದು. ಮೂರೂ ಊರಿನ ರಿಪೋರ್ಟುಗಳನ್ನೆಲ್ಲ ತುಂಬಿಡುವ ಕಂಪ್ಯೂಟರ್ ಅದು. ಕೂರಿಸಲಿ, ನನ್ನದೇನೂ ತಕರಾರಿಲ್ಲ. ಆದರೆ ಅದಕ್ಕೆ ಏಸಿ! ರಕ್ತ ಕೊಡಲು ಬಂದ ಬಸುರಿ ಹೆಂಗಸರು ಹೊರಗೆ ಬೆಂಚಿನ ಮೇಲೆ ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದರೆ, ಒಳಗೆ ಆ ಕರಿಪೆಟ್ಟಿಗೆ ತಂಪಾಗಿ ಗೊರಕೆ ಹೊಡೆಯುತ್ತಿತ್ತು. ಇದು ನ್ಯಾಯವೇ? ನಾನು ಬಾಯಿಬಿಟ್ಟು ಕೇಳಿದೆ.

"ಹೆಂಗಸ್ರಿಗೆ ಬೆವ್ರ್ ಬಂದ್ರೆ ಒರೆಸ್ಕಂತ್ರ್. ಮಿಶಿನಿಗೆ ಬೆವ್ರ್ ಬಂದ್ರೆ ಯಾರ್ ಒರೆಸ್ತ್ರ್?" ಎಂದರು ಅತ್ತೆ.

ಆ ಕೋಣೆಗೆ ಚಪ್ಪಲಿ ಹಾಕಿಕೊಂಡು ಹೋಗುವಂತಿಲ್ಲ. ಸೀನುವಂತಿಲ್ಲ. ಒದ್ದೆ ಕೈಯಲ್ಲಿ ಬಾಗಿಲು ಮುಟ್ಟುವಂತಿಲ್ಲ. ಒಂದು ದಿನ ಶಂಕರನಾರಾಯಣದ ಕಡೆಯ ಹಿರಿಯರೊಬ್ಬರು ಸಕ್ಕರೆ ಪರೀಕ್ಷೆಗೆ ಬಂದವರು, ನಾವೆಲ್ಲ ಚಪ್ಪಲಿ ಕಳಚಿ ಒಳಗೆ ಹೋಗುವುದನ್ನೂ ಕತ್ತಲೆಯಲ್ಲಿ ಮಿನುಗುವ ಸಣ್ಣ ಕೆಂಪು ದೀಪವನ್ನೂ ನೋಡಿ ಕೈಮುಗಿದು ನಿಂತುಬಿಟ್ಟರು.

"ಒಳ್ಗೆ ಯಾವ್ ದೇವ್ರ್ ಅಮ್ಮಾ?"

"ಸರ್ವರ್" ಎಂದರು ಅತ್ತೆ, ಗಂಭೀರವಾಗಿ.

"ಓಹೋ, ಸರ್ವೇಶ್ವರನಾ! ನಮ್ ಬದಿಯಂಗೆ ಈ ದೇವ್ರ್ ಇಲ್ಲೆ ಕಾಣಿ. ಒಂದ್ ಹರ್ಕಿ ಹೇಳ್ಕಂಡ್ರೆ ಆತ್ತಾ?"

"ಸಕ್ರಿ ಇಳಿಲಿ ಅಂದ್ ಹೇಳ್ಕಣಿ."

ಅನ್ಯಾಯ ನೋಡಿ, ಮುಂದಿನ ತಿಂಗಳು ಅವರ ಸಕ್ಕರೆ ನಿಜಕ್ಕೂ ಇಳಿದಿತ್ತು! ಒಂದು ಚಿಪ್ಪು ಬಾಳೆಹಣ್ಣಿನೊಂದಿಗೆ ಬಂದರು. ಸರ್ವೇಶ್ವರನ ಪರವಾಗಿ ಹಣ್ಣು ತಿಂದವರು ಅತ್ತೆ. ಔಷಧಿ ಬರೆದ ಡಾಕ್ಟರರಿಗೆ ಸಿಪ್ಪೆಯೂ ಇಲ್ಲ.

ಇಷ್ಟಕ್ಕೇ ಮುಗಿಯಿತೆಂದುಕೊಂಡಿರಾ? ಸರ್ವರಿನಲ್ಲಿ ಇರುವುದೆಲ್ಲದರ ಇನ್ನೊಂದು ಪ್ರತಿ ಬೇರೆ ಊರಿನಲ್ಲಿರಬೇಕು ಎನ್ನುವುದು ಅತ್ತೆ ಮುಂಬೈಯಲ್ಲಿ ಕಲಿತ ಪಾಠ. ಸರಿ, ಆ ಬೇರೆ ಊರು ಕೋಟ! ದಿನಾ ಸಂಜೆ ಎಲ್ಲವನ್ನೂ ಒಂದು ಹಾರ್ಡ್ ಡಿಸ್ಕಿಗೆ ತುಂಬಿಸಿ, ಅದನ್ನು ಟವೆಲಿನಲ್ಲಿ ಸುತ್ತಿ, ಸ್ಟೀಲಿನ ಬುತ್ತಿಡಬ್ಬಿಯಲ್ಲಿಟ್ಟು, ಮಡಿಲ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಮನೆಗೆ ಹೋಗುವರು. ಒಂದು ದಿನ ಬಸ್ಸು ಭರ್ತಿ. ಕಂಡಕ್ಟರ್ ಬುತ್ತಿಯನ್ನು ಮೇಲಿನ ಕಂಬಿಯಲ್ಲಿಡಲು ಹೇಳಿದ. ಅತ್ತೆ ಕೊಡಲಿಲ್ಲ.

"ಅದ್ರಂಗೆ ಅಂಥಾದ್ ಎಂತ ಇತ್ತ್ ಅಮ್ಮಾ?"

"ಮೂರ್ ಊರಿನ ಸಕ್ರಿ."

ಪಕ್ಕದ ಸೀಟಿನವರು ತಿರುಗಿ ನೋಡಿದರು. ಮರುದಿನ ಕೋಟದಲ್ಲಿ ಸುದ್ದಿ: ಮುಂಬೈ ಅಮ್ಮ ರೇಷನ್ ಸಕ್ಕರೆ ಸಾಗಿಸುತ್ತಿದ್ದಾರೆ! ಅದನ್ನು ನನ್ನ ಬಳಿ ವಿಚಾರಿಸಲು ಬಂದವರಿಗೆ ಏನು ಹೇಳಲಿ? ಸಕ್ಕರೆ ಅಲ್ಲ, ಸಕ್ಕರೆ ಕಾಯಿಲೆ ಎಂದರೆ ಇನ್ನೂ ಗಾಬರಿಯಾಗುವುದಿಲ್ಲವೇ?

ನನ್ನ ಸಿಟ್ಟಿಗೆ ನಿಜವಾದ ಕಾರಣ ಬೇರೆಯೇ ಇತ್ತು. ಬೈಂದೂರಿನಲ್ಲಿ ಪರೀಕ್ಷೆ ಮಾಡಿದ ರಿಪೋರ್ಟು ನಮ್ಮ ಸರ್ವರಿಗೆ ಸೇರಬೇಕಾದರೆ ಅಲ್ಲಿಯ ಹುಡುಗಿ ಫೋನಿನಲ್ಲಿ ಒಂದೊಂದೇ ಅಂಕಿ ಓದಿ ಹೇಳಬೇಕು, ಅತ್ತೆ ಇಲ್ಲಿ ಟೈಪು ಮಾಡಬೇಕು. ಬ್ರಹ್ಮಾವರದವರದ್ದು ಪೆನ್ ಡ್ರೈವಿನಲ್ಲಿ ಬಸ್ಸು ಹತ್ತಿ ಬರುತ್ತಿತ್ತು. ಬ್ರಹ್ಮಾವರದಲ್ಲಿ ರಕ್ತ ಕೊಟ್ಟು ಬೈಂದೂರಿನ ಮಗಳ ಮನೆಗೆ ಹೋದವರು ಅಲ್ಲಿ ರಿಪೋರ್ಟು ಕೇಳಿದರೆ, "ನಾಳೆ ಬನ್ನಿ." ನಾಳೆ ಬಂದರೆ, "ನಾಳೆ ಬನ್ನಿ." ಜಗತ್ತೆಲ್ಲ ಬೆರಳ ತುದಿಯಲ್ಲಿರುವಾಗ ನಮ್ಮ ಹಿಮೋಗ್ಲೋಬಿನ್ ಮಾತ್ರ ಲೋಕಲ್ ಬಸ್ಸಿನಲ್ಲಿ ನಿಂತುಕೊಂಡು ಬರಬೇಕೇ?

ಆಗ ಮಂಗಳೂರಿನಿಂದ ಬಂದರು ಕ್ಲೌಡಿನವರು. ನಡುವಯಸ್ಸಿನ ಮಹಾಶಯರು, ಮೇ ತಿಂಗಳ ಸೆಕೆಯಲ್ಲೂ ಕುತ್ತಿಗೆಗೆ ಟೈ. ಲ್ಯಾಪ್‌ಟಾಪ್ ತೆರೆದು ಅಚ್ಚುಕಟ್ಟಾಗಿ ವಿವರಿಸಿದರು. ಸ್ವಂತ ಸರ್ವರ್ ಇಟ್ಟುಕೊಂಡರೆ ಯಂತ್ರ ನೀವೇ ಕೊಳ್ಳಬೇಕು, ಕರೆಂಟು ನಿಮ್ಮದು, ಏಸಿ ನಿಮ್ಮದು, ಕೆಟ್ಟರೆ ರಿಪೇರಿ ನಿಮ್ಮದು, ನಾಲ್ಕೈದು ವರ್ಷಕ್ಕೆ ಹಳತಾದರೆ ಹೊಸತು ತರುವ ತಾಪತ್ರಯವೂ ನಿಮ್ಮದು. ಕ್ಲೌಡಾದರೆ ಯಂತ್ರ ನಮ್ಮದು, ರಿಪೇರಿ ನಮ್ಮದು, ಪ್ರತಿ ಇಟ್ಟುಕೊಳ್ಳುವುದೂ ನಮ್ಮದೇ. ನೀವು ತಿಂಗಳ ಬಾಡಿಗೆ ಕಟ್ಟಿದರಾಯಿತು. ಮೂರೂ ಶಾಖೆಯವರು ಒಂದೇ ಕಡೆ ನೋಡಬಹುದು. ನಾನು ತಲೆಯಾಡಿಸುತ್ತಲೇ ಇದ್ದೆ. ಅತ್ತೆ ಮೂಲೆಯ ಸ್ಟೂಲಿನಿಂದ ಕೇಳಿದರು:

"ಹ್ವಾಯ್, ನಿಮ್ ಮೋಡ ಎಲ್ಲಿತ್ತ್?"

"ಅದು ಎಲ್ಲಿಂದ ಬೇಕಾದರೂ ಸಿಗುತ್ತದೆ ಅಮ್ಮ."

"ಸಿಕ್ಕುದ್ ಎಲ್ಲಿ ಅಂದ್ ಕೇಂಡದ್ದಲ್ಲ. ಇಪ್ಪುದ್ ಎಲ್ಲಿ? ಊರಿನ್ ಹೆಸ್ರ್ ಹೇಳಿ."

ಅವರು ಟೈ ಸ್ವಲ್ಪ ಸಡಿಲ ಮಾಡಿಕೊಂಡರು. "ನಮ್ಮ ಯಂತ್ರಗಳು ಮುಂಬೈ ಹತ್ತಿರ ಇವೆ."

ಅತ್ತೆ ಸ್ಟೂಲಿನಿಂದ ಎದ್ದೇಬಿಟ್ಟರು. "ಮುಂಬೈಯಂಗಾ? ಅರೆ ಬಾಪ್ರೆ! ಮೂವತ್ತೈದ್ ವರ್ಷ ಮುಂಬೈಯಂಗೆ ಮಿಶಿನ್ ಕಾದ್ ನಾನೇ ಊರಿಗೆ ಬಂದೆ. ಈಗ ಊರಿನ್ ರಕ್ತನೆಲ್ಲ ಅಲ್ಲಿಗ್ ಕಳ್ಸುದಾ? ಬಿಲ್ಕುಲ್ ಆಪ್ದಿಲ್ಲೆ!"

"ಬಾಡಿಗೆ ಮನೆ ಇದ್ದ ಹಾಗೆ ಅಮ್ಮ. ಮಾಡು ಸೋರಿದರೆ ನೀವು ಚಿಂತೆ ಮಾಡುವುದು ಬೇಡ. ಓನರ್ ನೋಡಿಕೊಳ್ಳುತ್ತಾರೆ."

"ನಾ ಮೂವತ್ತೈದ್ ವರ್ಷ ಬಾಡಿಗಿ ಮನ್ಯಂಗೇ ಇದ್ದದ್. ಮಾಡ್ ಸೋರುಕೆ ಶುರುವಾದ್ರೆ ನಾವ್ ಬಕೆಟ್ ಇಡುದ್, ಓನರ್ ಫೋನ್ ಎತ್ತುದಿಲ್ಲೆ."

ಮಹಾಶಯರು ಲ್ಯಾಪ್‌ಟಾಪ್ ಮಡಚಿದರು. ಚಹಾ ಕೂಡ ಕುಡಿಯದೆ ಹೋದರು. ನನಗೆ ಬಂದ ಸಿಟ್ಟಿಗೆ ಆ ದಿನ ಮೂವರ ತೋಳಿನಲ್ಲಿ ರಕ್ತನಾಳವೇ ಸಿಕ್ಕಲಿಲ್ಲ!

ಆದರೆ ಆಕಾಶಕ್ಕೂ ಸಿಟ್ಟು ಬಂದಿತ್ತೋ ಏನೋ. ಮಳೆಗಾಲದ ಮೊದಲ ಗುಡುಗಿಗೆ, ಮಟಮಟ ಮಧ್ಯಾಹ್ನ, ಫಟ್ ಎಂದೊಂದು ಸದ್ದು. ಹಿಂದಿನ ಕೋಣೆಯಿಂದ ಸುಟ್ಟ ವಾಸನೆ. ಕೆಂಪು ದೀಪ ಆರಿತ್ತು. ರಿಪೇರಿಯವರು ಬಂದು ಮುಚ್ಚಳ ಬಿಚ್ಚಿ ನೋಡಿ, ಉಪ್ಪುಗಾಳಿಗೆ ಒಳಗೆ ಆಗಲೇ ತುಕ್ಕು ಹಿಡಿದಿತ್ತು, ಈಗ ಸಿಡಿಲೂ ಹೊಡೆದಿದೆ, ಸುಟ್ಟುಹೋದ ಭಾಗವನ್ನು ಈಗ ಯಾರೂ ತಯಾರಿಸುವುದಿಲ್ಲ ಎಂದರು. ಮೂರು ದಿನ ನಾನು ಕೈಯಲ್ಲಿ ರಿಪೋರ್ಟು ಬರೆದೆ. ಬೆರಳು ಬಾತುಹೋಯಿತು. ಹೊರಗೆ ಜನ ಬಾಯಿಗೆ ಬಂದಂತೆ ಬಯ್ಯುತ್ತಿದ್ದರು. ಅತ್ತೆಯ ಬುತ್ತಿಯಲ್ಲಿದ್ದ ಪ್ರತಿಯಿಂದ ಹಳೆಯದೆಲ್ಲ ಉಳಿಯಿತು, ಸುಳ್ಳು ಹೇಳುವುದಿಲ್ಲ. ಆದರೆ ಉಳಿದದ್ದನ್ನು ಇಡಲು ಜಾಗವೇ ಇರಲಿಲ್ಲವಲ್ಲ!

ನಾಲ್ಕನೆಯ ದಿನ ನಾನು ಅತ್ತೆಯನ್ನು ಕೇಳದೆಯೇ ಮಂಗಳೂರಿಗೆ ಫೋನು ಮಾಡಿದೆ.

ಮಹಾಶಯರು ಬಂದರು, ಈ ಸಲ ಟೈ ಇಲ್ಲದೆ. ಎರಡೇ ದಿನದಲ್ಲಿ ಮೂರೂ ಊರಿನ ರಿಪೋರ್ಟುಗಳು ಮೋಡ ಸೇರಿದವು. ಬೈಂದೂರಿನ ಹುಡುಗಿ ಅಂಕಿ ಓದುವ ಕೆಲಸ ತಪ್ಪಿತೆಂದು ಫೋನಿನಲ್ಲೇ ಕುಣಿದಳು. ಇನ್ನು ಮುಂದೆ ರಿಪೋರ್ಟು ಸಿದ್ಧವಾದ ಕ್ಷಣವೇ ರೋಗಿಯ ಮೊಬೈಲಿಗೆ ತಾನಾಗಿಯೇ ಹೋಗುತ್ತದಂತೆ! ಅತ್ತೆ ನನ್ನ ಜೊತೆ ಮಾತು ಬಿಟ್ಟರು. ಏನಾದರೂ ಹೇಳಲೇಬೇಕಾದರೆ ಗೋಡೆಗೆ ಹೇಳುತ್ತಿದ್ದರು. "ಮೋಡದವ್ಳಿಗೆ ಹೇಳ್, ಚಾ ಆಯ್ತ್." ಗೋಡೆ ನನಗೆ ಹೇಳುತ್ತಿರಲಿಲ್ಲ, ಚಹಾ ಆರುತ್ತಿತ್ತು.

ಒಂದು ಬೆಳಿಗ್ಗೆ ಎಲ್ಲಿಯೋ ರಸ್ತೆ ಅಗೆಯುವಾಗ ಕೇಬಲ್ ತುಂಡಾಗಿ ಇಂಟರ್ನೆಟ್ ಹೋಯಿತು. ಎಲ್ಲ ಅಂಕಿಗಳೂ ಮೇಲೆ, ನಾವೆಲ್ಲ ಕೆಳಗೆ! ನಾನು ಟೆರೇಸು ಹತ್ತಿ ಮೊಬೈಲನ್ನು ಆಕಾಶಕ್ಕೆ ಹಿಡಿದು ಸಿಗ್ನಲ್ಲಿಗಾಗಿ ಮೂಲೆಯಿಂದ ಮೂಲೆಗೆ ಓಡುತ್ತಿದ್ದೆ. ಅತ್ತೆ ಅಂಗಳಕ್ಕೆ ಬಂದು, ಹಣೆಗೆ ಕೈ ಅಡ್ಡ ಹಿಡಿದು ಮೇಲೆ ನೋಡಿ, ಹದಿನೈದು ದಿನಗಳಲ್ಲಿ ಮೊದಲ ಸಲ ನೇರ ನನಗೇ ಹೇಳಿದರು:

"ಹೆಣೆ, ಇವತ್ತ್ ಬಿಸಿಲ್ ಜೋರಿತ್ತಲೆ. ಮೋಡ ಒಂದೂ ಕಾಂತಿಲ್ಲೆ!"

ನೀವೇ ಹೇಳಿ, ಇಂಥವರನ್ನು ಏನು ಮಾಡಬೇಕು?

ಅದೂ ಕಳೆಯಿತು. ಮೊಬೈಲಿನಿಂದಲೇ ಇಂಟರ್ನೆಟ್ ಕೊಟ್ಟು ಹೇಗೋ ನಡೆಸಿದೆವು. ನಾನು ಗೆದ್ದೆ ಎಂದುಕೊಂಡೆ. ಆ ಗೆಲುವು ಎರಡು ವಾರ ಇತ್ತು.

ತ್ರಾಸಿಯ ಕಡೆಯಿಂದ ಮೀನು ಮಾರುವ ಹೆಂಗಸೊಬ್ಬಳು ಬಂದಿದ್ದಳು. ತಿಂಗಳಿನಿಂದ ಸುಸ್ತು, ಬುಟ್ಟಿ ಹೊರಲಾಗುವುದಿಲ್ಲ. ಡಾಕ್ಟರು ಪರೀಕ್ಷೆ ಬರೆದುಕೊಟ್ಟಿದ್ದರು. ಅವಳದ್ದು ಬಟನ್ ಫೋನು. ಹಾಗಾಗಿ ಮಾರ್ಕೆಟಿನಲ್ಲಿ ಪಕ್ಕ ಕೂರುವವಳ ನಂಬರು ಕೊಟ್ಟಳು. ಮರುದಿನ ಯಂತ್ರದಿಂದ ಬಂದ ಅಂಕಿ ನೋಡಿ ನಾನು ಕುರ್ಚಿ ಎಳೆದು ಕುಳಿತೆ. ಬಿಳಿಯ ರಕ್ತಕಣಗಳು ಇರಬೇಕಾದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು. ಮತ್ತೊಮ್ಮೆ ಪರೀಕ್ಷೆ ಮಾಡಿದೆ, ಅದೇ ಬಂತು. 'ಸರಿ' ಎನ್ನುವ ಗುಂಡಿ ಒತ್ತಿ, ಅವಳ ಡಾಕ್ಟರಿಗೆ ಫೋನು ಮಾಡಲು ಎದ್ದೆ. ನಾನು ಏಳುವಷ್ಟರಲ್ಲಿ ರಿಪೋರ್ಟು ಮಾರ್ಕೆಟಿಗೆ ತಲುಪಿಯಾಗಿತ್ತು.

ಅಲ್ಲಿ ಪಕ್ಕದವಳು ಮೊಬೈಲು ತೆರೆದು, ಮಿತಿ ಮೀರಿದ ಅಂಕಿಗಳೆಲ್ಲ ಕೆಂಪಕ್ಷರದಲ್ಲಿರುವುದು ಕಂಡು, "ನಿನ್ ರಕ್ತದಂಗೆ ಎಲ್ಲ ಕೆಂಪ್ ಕೆಂಪ್ ಬಂದಿತ್ತಲೆ ಮಾರಾಯ್ತಿ!" ಎಂದು ಗಟ್ಟಿಯಾಗಿ ಓದಿದಳಂತೆ. ಮೀನು ಕೊಳ್ಳಲು ಬಂದಿದ್ದ ಶಾಲೆಯ ಮಾಸ್ತರರೊಬ್ಬರು ಅರ್ಥ ಹೇಳಿದರಂತೆ: ರಕ್ತದ ಕ್ಯಾನ್ಸರ್ ಇರಬಹುದು. ಬುಟ್ಟಿಯಲ್ಲಿ ಮೀನು ಹಾಗೆಯೇ ಬಿಟ್ಟು ಅವಳು ಮನೆಗೆ ನಡೆದುಬಿಟ್ಟಳಂತೆ. ಸಂಜೆಯೊಳಗೆ ಈ ಸುದ್ದಿ ಯಾರ್ಯಾರದೋ ಬಾಯಿಂದ ನಮ್ಮ ಲ್ಯಾಬಿಗೇ ವಾಪಸು ಬಂತು.

ಅತ್ತೆ ನನ್ನನ್ನು ಬಯ್ಯಲಿಲ್ಲ. ಕೊಡೆ ತೆಗೆದುಕೊಂಡರು. "ಬಾ" ಎಂದರು. ಎಲ್ಲಿಗೆಂದು ಠಾಣೆಯ ಗೇಟು ಬರುವ ತನಕ ನನಗೆ ಗೊತ್ತಿರಲಿಲ್ಲ.

"ಯಾರ ಮೇಲೆ ದೂರು ಅಮ್ಮಾ?" ಎಂದು ಕೇಳಿದರು ಮೇಜಿನ ಹಿಂದಿದ್ದ ಪೊಲೀಸರು, ತುಂಬ ಮರ್ಯಾದೆಯಿಂದ.

"ಮೋಡದ್ ಮೇಲೆ."

ಅವರು ಕಿಟಕಿಯಿಂದ ಹೊರಗೆ ಒಮ್ಮೆ ನೋಡಿದರು. ಪಾಪ, ಮಳೆಗಾಲವಲ್ಲವೇ? "ಮನೆ ಬಿದ್ದಿದೆಯೋ, ತೋಟಕ್ಕೆ ನೀರು ನುಗ್ಗಿದೆಯೋ? ಮಳೆಹಾನಿ ಅರ್ಜಿಯಾದರೆ ತಾಲೂಕು ಆಫೀಸಿಗೆ ಹೋಗಬೇಕಮ್ಮ. ಫೋಟೋ ಇದ್ದರೆ ಒಳ್ಳೆಯದು."

"ಹಾನಿ ಆಯ್ತ್" ಎಂದರು ಅತ್ತೆ. "ಒಬ್ಳ್ ಹೆಂಗ್ಸಿನ್ ಮಾನ ಹಾನಿ ಆಯ್ತ್. ಅದ್ರ್ ಫೋಟೋ ಹ್ಯಾಂಗೆ ತೆಗುದ್ ಹೇಳಿ!"

ಅರ್ಧ ಗಂಟೆ ವಾದವಾಯಿತು. ಕೊನೆಗೆ ಅವರು ನನ್ನ ಮುಖ ನೋಡಿದರು, ನಾನು ನೆಲ ನೋಡಿದೆ. ಅಲ್ಲಿಂದಲೇ ಅತ್ತೆ ಮಂಗಳೂರಿನ ಮಹಾಶಯರಿಗೆ ಫೋನು ಮಾಡಿ ಬಾಯಿಗೆ ಬಂದದ್ದನ್ನೆಲ್ಲ ಅಂದರು. ಕುಂದಾಪ್ರ ಕನ್ನಡ ಮುಗಿದ ಮೇಲೆ ಮುಂಬೈ ಹಿಂದಿ. ಅದೂ ಮುಗಿದ ಮೇಲೆ ಆ ಕಡೆಯಿಂದ ಸಣ್ಣ ದನಿ ಕೇಳಿಸಿತು:

"ಅಮ್ಮ, 'ಸರಿ' ಒತ್ತಿದ ಮೇಲೂ ರಿಪೋರ್ಟು ತಡೆದಿಟ್ಟು, ಇನ್ನೊಮ್ಮೆ ನೋಡಿ, ಆಮೇಲೆ ಕಳಿಸುವ ವ್ಯವಸ್ಥೆ ಮೊದಲಿನಿಂದಲೂ ಇದೆ. ಒಂದು ಕಡೆ ಗುರುತು ಹಾಕಬೇಕು. ಮೇಡಮ್ಮನವರಿಗೆ ಅದನ್ನು ತೋರಿಸಿಕೊಟ್ಟಿದ್ದೆ."

ತೋರಿಸಿಕೊಟ್ಟಿದ್ದರು. ನಿಜ. ದಿನಕ್ಕೆ ನೂರು ರಿಪೋರ್ಟು ಯಾರು ಮತ್ತೆ ಒಂದೊಂದೇ ನೋಡಿ ಕಳಿಸುವುದು ಎಂದು ಆ ಗುರುತು ತೆಗೆದುಹಾಕಿದವಳು ನಾನೇ. ಇಷ್ಟು ದಿನ ಏಸಿಯ ಮೇಲೆ, ಸರ್ವರಿನ ಮೇಲೆ, ಬಸ್ಸಿನ ಮೇಲೆ, ಅತ್ತೆಯ ಮೇಲೆ ಹರಿಹಾಯ್ದ ನನ್ನ ಸಿಟ್ಟಿಗೆ ಈಗ ಹೋಗಲು ಬೇರೆ ಜಾಗವೇ ಇರಲಿಲ್ಲ. ಅತ್ತೆ ಫೋನು ಇಟ್ಟರು. ನನ್ನನ್ನು ನೋಡಿದರು. ಗೋಡೆಗೂ ಏನೂ ಹೇಳಲಿಲ್ಲ.

"ತ್ರಾಸಿಗೆ ಹೋಪ" ಎಂದರು ಅಷ್ಟೇ.

ಅವಳ ಮನೆ ಸಮುದ್ರಕ್ಕೆ ಹತ್ತಿರ. ಜಗಲಿಯಲ್ಲಿ ಮೊಣಕಾಲು ಮಡಚಿ ಕುಳಿತಿದ್ದಳು. ನಮ್ಮನ್ನು ಕಂಡವಳೇ ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಊರಿಗೆಲ್ಲ ಡಂಗುರ ಹೊಡ್ದ್ ಆಯ್ತಲೆ! ಇನ್ನೆಂತಕ್ ಬಂದ್ರಿ? ನನ್ ರೋಗ ನಂಗೆ ಹೇಳುಕ್ ಮೊದ್ಲ್ ಮೀನ್ ಕೊಂಬುಕ್ ಬಂದವ್ರಿಗೆ ಹೇಳಿದ್ರಿ. ಯಾರ್ ಕಳ್ಸದ್ ಅದನ್ನ? ಯಾರ್?"

ಬಾಯಿ ತೆರೆಯಬೇಕೆಂದುಕೊಂಡೆ. ಅಷ್ಟರಲ್ಲಿ ಅತ್ತೆ ನನ್ನ ಮುಂದೆ ಬಂದು ನಿಂತರು.

"ನಾನ್ ಕಳ್ಸದ್ ತಂಗಿ. ನಂಗೆ ವಯಸ್ಸಾಯ್ತ್, ಹೊಸ ಮಿಶಿನ್ ಸಮಾ ತಿಳುದಿಲ್ಲೆ. ತಪ್ಪ್ ನಂದ್."

ಮೂವತ್ತೈದು ವರ್ಷ ಯಂತ್ರಗಳನ್ನು ಸಾಕಿದವರು, ಯಾವ ಇಂಜಿನಿಯರ್ ಎದುರಿಗೂ ಸೋಲದವರು, ಒಬ್ಬ ಅಪರಿಚಿತಳ ಜಗಲಿಯಲ್ಲಿ ನಿಂತು ನನಗೆ ತಿಳಿಯುವುದಿಲ್ಲ ಎಂದರು! ಅವಳು ಮತ್ತೂ ಬೈದಳು. ಅತ್ತೆ ತಲೆಬಾಗಿಸಿ ಕೇಳಿದರು. ಬೈದು ಬೈದು ಅವಳ ದನಿ ಒಡೆಯಿತು. ಆಮೇಲೆ ಕುಳಿತು ಅತ್ತಳು. ಅತ್ತೆ ಪಕ್ಕದಲ್ಲಿ ಕುಳಿತು, ಚೀಲದಿಂದ ಕಾಗದದ ರಿಪೋರ್ಟು ತೆಗೆದು, ಒಂದೊಂದೇ ಸಾಲಿಗೆ ಬೆರಳಿಟ್ಟು, ಇದು ಏನು, ಇದಕ್ಕೆ ಡಾಕ್ಟರರು ಏನು ಮಾಡಬಹುದು, ಯಾವುದು ಇನ್ನೂ ಗೊತ್ತಿಲ್ಲ ಎಂದು ನಿಧಾನವಾಗಿ ಹೇಳಿದರು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಹೇಳಿದರು.

"ದೊಡ್ ಆಸ್ಪತ್ರಿಗೆ ಒಬ್ಳೇ ಹ್ಯಾಂಗೆ ಹೋಪುದ್ ಅಮ್ಮಾ?"

"ಒಬ್ಳೇ ಎಂತಕ್ಕೆ? ನಾಳೆ ಬೆಳಿಗ್ಗಿ ಬಸ್ಸಿಗೆ ನಾನೂ ಬತ್ತೆ."

ವಾಪಸು ಬರುವಾಗ ಬಸ್ಸಿನಲ್ಲಿ ನಾನು ಕೇಳಿದೆ. "ಅತ್ತೆ, ತಪ್ಪು ನಂದಲ್ದಾ? ನೀವ್ ಎಂತಕ್ ಹಾಂಗೆ ಹೇಳ್ದ್ರಿ?"

"ನಾಳಿಂದ ಲ್ಯಾಬ್ ನಡ್ಸುಕ್ ಇಪ್ಪುದ್ ನೀನಲ್ದಾ? ನಿನ್ ಕೈಮೇಲೆ ಜನಕ್ಕೆ ನಂಬ್ಕಿ ಬೇಕ್ ಹೆಣೆ. ನನ್ ಮೇಲೆ ನಂಬ್ಕಿ ಇದ್ದ್ ಎಂತ ಆಯ್ಕ್?"

ಇಷ್ಟು ಹೇಳಿ ಕಣ್ಣು ಮುಚ್ಚಿಕೊಂಡರು. ನಾನು ಲ್ಯಾಬಿಗೆ ಹೋದವಳೇ ಮೊದಲು ಆ ಗುರುತು ಹಾಕಿದೆ. ಈಗ ಒಂದೂ ರಿಪೋರ್ಟು ನಾವು ಇನ್ನೊಮ್ಮೆ ನೋಡದೆ ಹೊರಗೆ ಹೋಗುವುದಿಲ್ಲ. ರೋಗಿಯ ಸ್ವಂತ ನಂಬರೇ ಎಂದು ಕೇಳದೆ ಬರೆದುಕೊಳ್ಳುವುದೂ ಇಲ್ಲ. ಕೆಟ್ಟ ಸುದ್ದಿ ಇದ್ದರೆ ಮೊಬೈಲಿಗೆ ಕಳಿಸುವುದೇ ಇಲ್ಲ. ಮೊದಲು ಅವರ ಡಾಕ್ಟರರಿಗೆ ತಿಳಿಸುತ್ತೇವೆ. ಆಮೇಲೆ ಅತ್ತೆ ಕೊಡೆ ತೆಗೆದುಕೊಳ್ಳುತ್ತಾರೆ. ತ್ರಾಸಿಯ ಅವಳಿಗೆ ದೊಡ್ಡಾಸ್ಪತ್ರೆಯಲ್ಲಿ ಮಾತ್ರೆ ಹಿಡಿಯಿತು. ದಿನಾ ನುಂಗಬೇಕು, ಆಗಾಗ ಪರೀಕ್ಷೆ ಮಾಡಿಸಬೇಕು. ಮತ್ತೆ ಮೀನು ಮಾರುತ್ತಿದ್ದಾಳೆ. ಸೂಜಿ ಚುಚ್ಚುವುದು ನಾನೇ ಆದರೂ ಬಂದೊಡನೆ ಕೇಳುವುದು "ಅಮ್ಮ ಎಲ್ಲಿ?"

ಆದರೆ ನನಗೆ ಹೇಳಬೇಕಾಗಿದ್ದದ್ದು ಅವಳು ಮೊದಲ ಸಲ ಆಸ್ಪತ್ರೆಗೆ ಹೋದ ಬೆಳಿಗ್ಗೆಯ ವಿಷಯ. ಮನಸ್ಸು ತಡೆಯದೆ ನಾನೂ ಹೊರಟಿದ್ದೆ. ತ್ರಾಸಿಯಿಂದ ಬರುವ ಬಸ್ಸಿಗೆ ಕುಂದಾಪುರದಲ್ಲಿ ಹತ್ತಿದೆ. ಅತ್ತೆ ಮುಂದೆ ಕೋಟದಲ್ಲಿ ಹತ್ತುತ್ತಾರೆ, ಅಲ್ಲಿಯ ತನಕ ಅವಳ ಪಕ್ಕ ನಾನು ಕೂರೋಣ ಎಂದುಕೊಂಡಿದ್ದೆ. ಒಳಗೆ ಹೋಗಿ ನೋಡಿದರೆ ಅವಳ ಪಕ್ಕದಲ್ಲಿ ಅತ್ತೆ! ಬೆಳಕು ಹರಿಯುವ ಮೊದಲೇ ಕೋಟದಿಂದ ಹೊರಟು, ತ್ರಾಸಿಯ ತನಕ ಹೋಗಿ, ಅವಳನ್ನು ಮನೆಯಿಂದಲೇ ಕರೆದುಕೊಂಡು, ಬಂದ ದಾರಿಯಲ್ಲೇ ಮತ್ತೆ ಹೊರಟಿದ್ದರು. ಇಡೀ ರಾತ್ರಿ ಕಣ್ಣು ಮುಚ್ಚದೆ ಕಳೆದಿದ್ದಳೋ ಏನೋ, ಅವಳು ಅತ್ತೆಯ ಹೆಗಲಿಗೆ ತಲೆಯಿಟ್ಟು ನಿದ್ದೆ ಹೋಗಿದ್ದಳು. ನಾನು ಬಾಯಿ ತೆರೆದಾಗ ಅತ್ತೆ ಕಣ್ಣಲ್ಲೇ ಸುಮ್ಮನಿರು ಎಂದರು.

ಕೋಟ ಬಂತು. ಬಸ್ಸು ನಿಂತಿತು. ಅತ್ತೆಯ ಮನೆ ಕಿಟಕಿಯಿಂದ ಕಾಣುತ್ತಿತ್ತು, ಗಡಿಬಿಡಿಯಲ್ಲಿ ಮುಂದಿನ ಬಾಗಿಲನ್ನು ತೆರೆದೇ ಬಿಟ್ಟು ಹೋಗಿದ್ದರು. ನಾನು ಕೈ ತೋರಿಸಿದೆ. ಅತ್ತೆ ಕತ್ತು ಕೂಡ ಹೊರಳಿಸಲಿಲ್ಲ, ಹೆಗಲು ಅಲುಗಿದರೆ ಅವಳಿಗೆ ಎಚ್ಚರವಾದೀತೆಂದು.